ನೆಟ್ಟಗೆ ಎಳೆದ ಗೋಡೆ

ಶಿವನಿ ಊರಿನ ಆ ಮನೆಯ ತೋಟದ ಗೋಡೆಯನ್ನು ನೆಟ್ಟಗೆ ಮಾಡಿದವನು ನಾನು, ರಹಮತಣ್ಣ. ಗೋಡೆಯನ್ನಲ್ಲ — ಅದರ ಫೋಟೋವನ್ನು. ನೀವು ಕಟ್ಟಿದ್ದು ಒರಗಿಯೇ ಇತ್ತು.

ಹೊಸ ಮನೆ, ಕೈತೋಟಗಳ ಫೋಟೋ ತೆಗೆಯುವುದು ನನ್ನ ಕೆಲಸವೆಂದು ನಿಮಗೆ ಗೊತ್ತು. ಆಮೇಲೆ ಕಡೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತೇನೆಂದು ಮಾತ್ರ ನಾನು ಹೇಳಿರಲಿಲ್ಲ — ನೀವೂ ಕೇಳಿರಲಿಲ್ಲ. ಕ್ಯಾಮೆರಾ ಮೇಲಕ್ಕೆತ್ತಿದರೆ ಕಟ್ಟಡ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಅದನ್ನು ಎಳೆದು ನೆಟ್ಟಗೆ ನಿಲ್ಲಿಸುತ್ತೇವೆ. ಅದರಲ್ಲಿ ತಪ್ಪಿಲ್ಲ, ಕಣ್ಣಿಗೆ ಕಂಡಂತೆ ಮಾಡುವುದು, ಅಷ್ಟೆ. ಶಿವನಿಯ ಫೋಟೋದಲ್ಲಿ ಮನೆ ನೆಟ್ಟಗಾಯಿತು. ತೋಟದ ಮಣ್ಣನ್ನು ತಡೆದು ನಿಂತಿದ್ದ ನಿಮ್ಮ ಕಲ್ಲಿನ ಗೋಡೆ ಮಾತ್ರ ಮಣ್ಣಿನ ಕಡೆಗೆ ವಾಲಿಕೊಂಡೇ ಇತ್ತು. ಫೋಟೋದ ಆ ಮೂಲೆಯನ್ನಷ್ಟೇ ಹಿಡಿದು ಅದನ್ನೂ ನೆಟ್ಟಗೆ ಎಳೆದೆ.

ಅದು ಬೇಕೆಂದೇ ವಾಲಿಸಿದ್ದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲಿ ನಾನು ಬೆಳಕಿಗೆ ಕಾಯುತ್ತಿದ್ದಾಗ ನೀವೇ ಹೇಳಿದ್ದಿರಿ: “ಅಡಿ ಎತ್ತರಕ್ಕೊಂದು ಬೆರಳು ಒರಗಿಸ್ಬೇಕು ಕಣೋ ಮಂಜ. ಇಲ್ದಿದ್ರೆ ನೆಂದ ಮಣ್ಣು ನೂಕ್ಬಿಡುತ್ತೆ.” ಕೇಳಿಸಿಕೊಂಡಿದ್ದೆ. ಆದರೂ ಚಿತ್ರದಲ್ಲಿ ಅದು — ಹೇಗೆ ಹೇಳಲಿ — ತಪ್ಪಿನಂತೆ ಕಂಡಿತು.

ಆ ಫೋಟೋ ಫೋನಿನಿಂದ ಫೋನಿಗೆ ಹೋಯಿತು. ಮರುವರ್ಷ ಹಿರೇನಲ್ಲೂರಿನಲ್ಲಿ ಒಬ್ಬರು ಅದನ್ನೇ ತೋರಿಸಿ, ಅಂಥದೇ ಗೋಡೆ ಬೇಕೆಂದು ನಿಮ್ಮನ್ನು ಕರೆದರು. ಗೋಡೆ ಅರ್ಧ ಎದ್ದಾಗ ಜಗಳ. ನೀವು ಫೋನ್ ಮಾಡಿ ನನ್ನನ್ನು ಕರೆಸಿಕೊಂಡಿರಿ.

“ಫೋಟೋದಲ್ಲಿ ಗೀಟು ಎಳ್ದಂಗೆ ನಿಂತೈತೆ,” ಎನ್ನುತ್ತಿದ್ದರು ಮನೆಯ ಯಜಮಾನರು. “ನಮ್ದು ಮಾತ್ರ ಉಂಡು ಒರಗ್ಕಂಡಂಗೈತಲ್ಲ ಸಾಬ್ರೇ.” ಸುತ್ತ ನಿಂತವರು ನಕ್ಕರು.

“ಲೇ ಮಂಜ, ನೀನೇ ನೋಡಿದ್ಯಲ್ಲ, ಹೇಳೋ. ಶಿವನಿದು ಒರಗಿತ್ತೋ ಇಲ್ವೋ?” ಎಂದಿರಿ ನೀವು.

ಒಂದು ಮಾತು ಸಾಕಿತ್ತು. ಫೋಟೋ ತಿದ್ದುವವನೆಂದು ಹೆಸರಾದರೆ ಇನ್ನು ನನ್ನನ್ನು ಯಾರು ಕರೆಯುತ್ತಾರೆ — ಇಷ್ಟೇ ತಲೆಗೆ ಬಂದದ್ದು.

“ಇದ್ದಂಗೇ ತೆಗ್ದಿರೋದು ರಹಮತಣ್ಣ.”

ನೀವು ಯಜಮಾನರ ಫೋನ್ ಇಸಿದುಕೊಂಡು, ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದಿರಿ. ಏನು ನೋಡಿದಿರಿ? ನಾನು ಎಳೆದ ಮೂಲೆಯಲ್ಲಿ ಒಂದು ಹೂಕುಂಡವೂ ಸೊಟ್ಟಗಾಗಿದೆ. ಅದು ಕಂಡಿತೇ? ಕಂಡೂ ನನ್ನನ್ನು ಬಿಟ್ಟುಕೊಡಲಿಲ್ಲವೇ? ಅಥವಾ ಆ ಕ್ಷಣವೇ ನಿಮ್ಮ ಕೈಯ ಮೇಲೇ ನಿಮಗೆ —

“ಹಂಗಾದ್ರೆ ನನ್ ಕೈಯೇ ಮರ್ತಿರ್ಬೇಕು ಬಿಡಿ,” ಎಂದಿರಿ.

ಕಟ್ಟಿದಷ್ಟನ್ನೂ ನೀವೇ ಬಿಚ್ಚಿ, ಕಲ್ಲು ಒಟ್ಟಿ, ಬೇರೆಯವರನ್ನು ಕರೆಸಿಕೊಳ್ಳಿ ಎಂದು ಹೊರಟಿರಿ. ಆಮೇಲೆ ನೀವು ಎಲ್ಲೂ ಗೋಡೆ ಕಟ್ಟಲೇ ಇಲ್ಲ. ಕೈತೋಟಗಳಲ್ಲಿ ಹುಲ್ಲು ಹಾಸಿದಿರಿ, ಗಿಡ ನೆಟ್ಟಿರಿ, ಅಷ್ಟೆ. ಕೇಳಿದವರಿಗೆ ಸೊಂಟನೋವು ಎಂದಿರಿ. ನಾನೂ ಅದನ್ನೇ ನಂಬಿದೆ — ನಂಬುವುದು ಸುಲಭವಾಗಿತ್ತು.

ನೀವು ತೀರಿಹೋದ ನಲವತ್ತನೆಯ ದಿನ ತರೀಕೆರೆಯ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಹೆಂಡತಿ ನಸೀಮಕ್ಕ ಚಹಾ ಕೊಡುತ್ತಾ ಹೇಳಿದರು: “ಕೊನೆಕೊನೆಗೆ ಒಂದು ಮೊಳೆ ಹೊಡೆದ್ರೂ ನನ್ನ ಕರೆಯೋರು. ನೆಟ್ಟಗಿದೆಯಾ ನೋಡೇ ಅಂತ. ಅಷ್ಟು ಗೋಡೆ ಕಟ್ಟಿದ ಮನುಷ್ಯ.”

ಅಲ್ಲೇ ಹೇಳಿಬಿಟ್ಟೆ. ಎರಡೂ ಫೋಟೋ ತೋರಿಸಿದೆ — ತಿದ್ದಿದ್ದು, ತಿದ್ದದೇ ಇಟ್ಟದ್ದು. ಅವರು ಬೈಯಲಿಲ್ಲ. ವಾಲಿದ ಗೋಡೆಯ ಫೋಟೋವನ್ನೇ ಹತ್ತಿರ ಹಿಡಿದು ನೋಡಿದರು.

“ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ ಕಣಪ್ಪಾ,” ಎಂದರು. “ಇದ್ದಿದ್ದು ಅವ್ರಿಗೆ.”

ನಾಳೆ ಹಿರೇನಲ್ಲೂರಿಗೆ ಹೋಗುತ್ತೇನೆ. ಆ ಮನೆಯವರಿಗೂ, ಅವತ್ತು ನಿಂತು ನಕ್ಕವರಲ್ಲಿ ಯಾರಾದರೂ ಸಿಕ್ಕಿದರೆ ಅವರಿಗೂ ಹೇಳುತ್ತೇನೆ. ಆದರೆ ಹೇಳಬೇಕಾಗಿದ್ದದ್ದು ನಿಮಗೊಬ್ಬರಿಗೇ.