ಒಂದೇ ಗೇಟಿನ ಟಾಕೀಸು

ರಾಯದುರ್ಗದ ಆ ಟಾಕೀಸಿಗೆ ಇದ್ದದ್ದು ಒಂದೇ ಗೇಟು. ಮ್ಯಾಟ್ನಿ ನೋಡಿದವರು ಅದರಲ್ಲೇ ಹೊರಗೆ ಬರಬೇಕು, ಫಸ್ಟ್ ಶೋಗೆ ಬಂದವರು ಅದರ ಮುಂದೆಯೇ ಸಾಲು ನಿಲ್ಲಬೇಕು. ಕೊಲೆಗಾರನನ್ನು ಹುಡುಕೋ ಸಿನಿಮಾ ಬಂತೆಂದರೆ ನಮ್ಮೂರ ಗಂಡಸರಿಗೆ ಹಬ್ಬ. ಹೊರಗೆ ಬರುತ್ತಲೇ ಹೆಂಗಸರ ಸಾಲಿನ ಕಡೆ ತಿರುಗಿ, ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ, ಕೊಂದವನು ಇಂಥವನೇ ಅಂತ ಕೂಗಿ ಹೋಗೋರು. ಹೆಂಗಸರು ಕಿವಿಗೆ ಸೆರಗು ಒತ್ತಿಕೊಂಡು ಶಾಪ ಹಾಕೋರು. ಅದರಲ್ಲೇನು ಸುಖವೋ ಆ ಹಾಳು ಮಂದಿಗೆ!

ನನಗೂ ಒಂದು ಸಲ ಆ ಸುಖ ಬೇಕಾಯಿತು.

ಅಕ್ಕನನ್ನು ಮಡಕಶಿರದ ಕಡೆ ಕೊಟ್ಟಿದ್ದರು. ಅತ್ತೆಮನೆಯಲ್ಲಿ ಸಿನಿಮಾದ ಮಾತೇ ಎತ್ತುವಂತಿರಲಿಲ್ಲ. ಪಂಚಮಿಗೆ ತವರಿಗೆ ಬಂದಾಗ ಒಂದೇ ಒಂದು ಸಿನಿಮಾ, ಅದೇ ಅವಳ ವರ್ಷದ ಪಾಲು. ಆ ವರ್ಷ ಬಂದವಳೇ, "ಬಂಗಲೆಯೊಳಗ ಕೊಲೆ ಆಗೋ ಸಿನಿಮಾ ಬಂದೈತಂತ, ಯಾರೂ ಕೊನಿ ಹೇಳಬ್ಯಾಡ್ರಿ" ಅಂತ ಮನೆಮಂದಿಗೆಲ್ಲ ತಾಕೀತು ಮಾಡಿದಳು. ಜೊತೆಗೆ ಹೋಗೋ ಕೆಲಸ ನನ್ನದು. ನಾನು ಡಿಗ್ರಿ ಫೇಲಾಗಿ ಮನೆಯಲ್ಲಿ ಕೂತಿದ್ದೆ. ಅವತ್ತು ಬೆಳಿಗ್ಗೆ, ಅವಳನ್ನು ಬಿಡೋಕೆ ಬಂದಿದ್ದ ಭಾವನ ಎದುರಿಗೇ, "ಇವನು ಇನ್ನೊಂದು ಸಲ ಪರೀಕ್ಷೆ ಕಟ್ಟಿದರೂ ಅಷ್ಟ" ಅಂತ ನಕ್ಕಿದ್ದಳು. ಆ ಸಿಟ್ಟು ಟಾಕೀಸಿನ ಸಾಲಿಗೆ ಬಂದು ನಿಂತಾಗಲೂ ಇಳಿದಿರಲಿಲ್ಲ.

ಮ್ಯಾಟ್ನಿ ಬಿಟ್ಟಿತು. ಅಕ್ಕ ಎರಡೂ ಕಿವಿ ಮುಚ್ಚಿ, ಕಣ್ಣೂ ಮುಚ್ಚಿಕೊಂಡು ನಿಂತಳು. ಯಾರೋ "ಡಾಕ್ಟರೇ ಕೊಂದದ್ದು!" ಅಂತ ಕೂಗಿದ. ಅವಳಿಗೆ ಕೇಳಿಸಲಿಲ್ಲ. ಗದ್ದಲ ಅಡಗಿದ ಮೇಲೆ ಕೈ ತೆಗೆದು, "ಹೋದ್ರೇನೋ ಎಲ್ಲಾರು?" ಅಂದಳು. ಹೋದರು ಅನ್ನಬೇಕಿತ್ತು. "ಡಾಕ್ಟರೇ ಕೊಂದದ್ದು" ಅಂದೆ.

ಅವಳು ಬೈಯಲಿಲ್ಲ. ಸಾಲು ಬಿಟ್ಟು ಮನೆ ಕಡೆ ನಡೆದಳು. ಒಳಗೆ ಹೋಗೋ ಮುಖ ನನಗೂ ಉಳಿದಿರಲಿಲ್ಲ. ಆಮೇಲೆ ಎಷ್ಟೋ ಪಂಚಮಿಗೆ ಬಂದಳು, ಅವ್ವನ ಜೊತೆ ಉಂಡಿ ಕಟ್ಟಿದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಟಾಕೀಸಿನ ಕಡೆ ಮಾತ್ರ ತಲೆ ಹಾಕಲಿಲ್ಲ. ಈಗ ಟಾಕೀಸೂ ಇಲ್ಲ.

ಮೊನ್ನೆ ಫೋನಿನಲ್ಲಿ ಆ ಸಿನಿಮಾ ಸಿಕ್ಕಿತು. ಅವತ್ತು ನೋಡದೆ ಬಿಟ್ಟದ್ದನ್ನು ಕೊನೆತನಕ ನೋಡಿದೆ. ಥೂ! ಡಾಕ್ಟರು, ಪಾಪ, ಏನೂ ಮಾಡಿರಲಿಲ್ಲ. ಸತ್ತವಳ ಸ್ವಂತ ತಮ್ಮನೇ ಕೊಂದಿದ್ದ, ಮೊದಲಿನಿಂದ ಹೆಣದ ಪಕ್ಕ ಕೂತು ಗೊಳೋ ಅಂತ ಅಳುತ್ತಿದ್ದವನು. ಆ ಮ್ಯಾಟ್ನಿಯವನು ಸುಳ್ಳು ಕೂಗಿದ್ದ. ಆ ಸುಳ್ಳು ಹೇಳಿ ನಾನು ಅಕ್ಕನ ಸಿನಿಮಾ ಹಾಳು ಮಾಡಿದ್ದೆ. ಇಷ್ಟು ವರ್ಷದ ಭಾರ ಇಳಿಸಿಕೊಳ್ಳೋ ಆತುರಕ್ಕೆ ಕೂಡಲೇ ಫೋನ್ ಹಚ್ಚಿದೆ.

"ಅಕ್ಕಾ, ಅವತ್ತು ಟಾಕೀಸಿನ ಮುಂದ ನಾ ಹೇಳಿದ್ದು ಸುಳ್ಳು! ಕೊಂದದ್ದು ಡಾಕ್ಟರಲ್ಲ, ತಮ್ಮ!"

ಯಾವ ಸಿನಿಮಾ ಅಂತಲೂ ಅವಳು ಕೇಳಲಿಲ್ಲ.

"ಡಾಕ್ಟರಲ್ಲ ಅಂದು ಸುಮ್ಮನಾಗಿದ್ರೆ ಸಾಕಾಗಿತ್ತಲ್ಲೋ" ಅಂದಳು. "ಯಾರು ಅಂತ ನಾನೇ ನೋಡ್ತಿದ್ದೆ."