ಕಾಶಿಬಾಯಿಯ ಕೃತಕ ಕೀಲು

ಉಗಾರ ಬುದ್ರುಕದ ಕಾಶಿಬಾಯಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನು ತಾನೇ ನಡೆಸಿದಳು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಕಕ್ಕೆ ನಿಂತರೆ, ತೂಕದ ಕಾಟಾದ ಎದುರು ತಾನೂ ನಿಲ್ಲುತ್ತಿದ್ದಳು.

ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದಾಗ ಮಿರಜಿನ ಆಸ್ಪತ್ರೆಯಲ್ಲಿ ಕೃತಕ ಕೀಲು ಕೂರಿಸಿದರು. ಅದಕ್ಕೂ ಮೊದಲು ಡಾಕ್ಟರರನ್ನು ತಡೆದು ನಿಲ್ಲಿಸಿ ಕೇಳಿದ್ದಳು: “ಇದರಾಗ ಪ್ರಾಣಿ ಎಲುಬೇನರ ಐತೇನ್ರಿ? ನಾವು ಜೈನರು.” ಇಲ್ಲ, ಲೋಹದ ಗುಂಡು, ಅದು ಕೂರುವ ಪ್ಲಾಸ್ಟಿಕ್ ಬಟ್ಟಲು ಎಂದರು. ಗಾಯ ಮಾಯ್ದು, ಹತ್ತಾರು ವರ್ಷ ಹೊಲದ ಬದುವಿನ ಮೇಲೆ ಮೊದಲಿನಂತೆ ಓಡಾಡಿದಳು.

ಒಂದು ಬೇಸಿಗೆ ಬಸದಿಯ ಮೆಟ್ಟಿಲು ಹತ್ತುವಾಗ ಒಳಗೆ ಏನೋ ಕಿರ್ರೆಂದಿತು. ಆಮೇಲೆ ತೊಡೆಸಂದಿಯಲ್ಲಿ ಸಣ್ಣ ನೋವು. ಮಗ ವೃಷಭನಿಗೆ ಸದ್ದು ಕೇಳಿಸಲಿಲ್ಲ. ಚಿಕ್ಕೋಡಿಯ ಡಾಕ್ಟರು ಎಕ್ಸ್‌ರೇ ಮೇಲೆ ಕಣ್ಣಾಡಿಸಿ, “ಕೀಲು ಬರೋಬರಿ ಕುಂತೈತಿ. ವಯಸ್ಸಾತಲ್ರಿ ಆಯಿ,” ಎಂದರು.

ಬಸ್ಸಿನಲ್ಲಿ ಅವಳು ಮಗನತ್ತ ತಿರುಗಿದಳು. “ಖರೇ ಹೇಳು. ಅವತ್ತ ರೊಕ್ಕ ಉಳಿಸಾಕ ಸೋವಿದು ಹಾಕ್ಸಿದ್ಯೇನು?”

“ಇಲ್ಲವ್ವಾ! ಡಾಕ್ಟರ್ ಹೇಳಿದ್ದ ಹಾಕ್ಸೇನಿ.”

“ಅದನ್ನ ಹಾಕ್ಯಾರಂತ ನೀ ಕಣ್ಣಾರೆ ನೋಡೀಯೇನು?”

ವೃಷಭ ಕಿಟಕಿಯತ್ತ ಮುಖ ಮಾಡಿದ.

ಮಿರಜಿಗೆ ಮತ್ತೆ ಹೋಗಲು ಅವಳು ಒಪ್ಪಲಿಲ್ಲ. ತಪ್ಪಿದ್ದರೆ ಅವರೇ ಬಾಯಿಬಿಡುತ್ತಾರೆಯೇ ಎಂಬ ಗುಮಾನಿ. ಹಟ ಹಿಡಿದು ಕೊಲ್ಹಾಪುರಕ್ಕೆ ಹೋದಳು. ಅಲ್ಲಿನ ಡಾಕ್ಟರು ಕನ್ನಡ ಬಲ್ಲವರು. ಸ್ಕ್ಯಾನ್ ಮಾಡಿಸಿ ಹೇಳಿದರು: “ಬಟ್ಟಲದ ಪ್ಲಾಸ್ಟಿಕ್ ಒಂದ ಕಡೆ ಸವದೈತ್ರಿ. ಆ ಪುಡಿಯಿಂದ ಸುತ್ತಲಿನ ಎಲುಬು ಕರಗಾಕತ್ತೈತಿ, ಬಟ್ಟಲ ಬದಲಿ ಮಾಡಬೇಕು. ನೋವು ಬರೂ ಮೊದಲ ಇದು ಸುರು ಆಗಿರ್ತೈತಿ. ಆಗಾಗ ತೋರಿಸಿದ್ರ ಗೊತ್ತಾಗ್ತಿತ್ತು.”

“ತೋರಿಸ್ರಿ ಅಂತ ನಮಗ್ಯಾರ ಹೇಳಿದ್ರು?” ಎಂದು ಕಾಶಿಬಾಯಿ ಸಿಡುಕಿದಳು.

“ಮಿರಜದಾಗ ಹೇಳಿದ್ರವ್ವಾ,” ಎಂದ ವೃಷಭ ಮೆಲ್ಲಗೆ. “‘ಗಿರಾಕಿ ಕೈ ಬಿಡಬಾರದಂತ ಕರೀತಾರ, ಹೋಗೂದ ಬ್ಯಾಡ’ ಅಂದಾಕಿ ನೀನ.”

ಅವಳು ಸೆರಗಿನ ಅಂಚು ತಿರುವಿದಳು. ಆಮೇಲೆ ಕೇಳಿದಳು: “ಹೊಸಾದು ಎಷ್ಟ ವರ್ಷ ಬಾಳ್ತೈತ್ರಿ?”

“ಭಾಳ ಮಂದಿಗೆ ಇಪ್ಪತ್ತು ವರ್ಷ ಬಂದೈತಿ. ನಿಮಗ ಎಷ್ಟು ಅಂತ ನಾ ಮಾತು ಕೊಡಂಗಿಲ್ಲ.”

ಭರವಸೆ ಕೊಡದ ಆ ಉತ್ತರವೇ ಅವಳಿಗೆ ಹಿಡಿಸಿತು. ಆಪರೇಷನ್ನಿಗೆ ಒಪ್ಪಿದಳು. ಎಚ್ಚರವಾದ ಮೇಲೆ, ತೆಗೆದ ಬಟ್ಟಲನ್ನು ತರಿಸಿಕೊಂಡು ಹೆಬ್ಬೆರಳಾಡಿಸಿದಳು. ಒಂದು ಬದಿ ವೀಳ್ಯದೆಲೆಯಷ್ಟು ತೆಳುವಾಗಿತ್ತು.

ಈಗ ವರ್ಷಕ್ಕೊಮ್ಮೆ ತಾನಾಗಿಯೇ ಕೊಲ್ಹಾಪುರದ ಬಸ್ಸು ಹತ್ತುತ್ತಾಳೆ. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದರೆ ಸಾಲದು. ಎಲ್ಲಿ ಸರಿಯಿದೆ ಎಂದು ಎಕ್ಸ್‌ರೇ ಮೇಲೆ ಬೆರಳಿಟ್ಟು ತೋರಿಸಿದ ಮೇಲೆಯೇ ಕುರ್ಚಿಯಿಂದ ಏಳುತ್ತಾಳೆ.