ಒದಾಲ್ಮಿಸ್ ಎದುರು ಬಾಯಿ ಬಿಡುವ ನನ್ನ ಗಂಡ

ಬೆಳಗಿನ ಆರು ಗಂಟೆಗೆ ಒದಾಲ್ಮಿಸ್ ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂರುತ್ತಾಳೆ. ಪಕ್ಕದಲ್ಲಿ ನನ್ನ ಗಂಡ ಎಲಿಯೇಸರ್. ಮೊಣಕಾಲ ಮೇಲಿನ ಹಲಗೆಗೆ ಅವಳು ಡಾಮಿನೊ ಆಟದ ಕಾಯಿಯಿಂದ ಟಕ್ ಟಕ್ ಎಂದು ತಾಳ ಹಾಕುತ್ತಾಳೆ. ಏಟಿಗೊಂದರಂತೆ ಅವನು ಅಕ್ಷರ ಹೊರಡಿಸುತ್ತಾನೆ. ಐದೇ ನಿಮಿಷಕ್ಕೆ ಇಬ್ಬರೂ ನಗುತ್ತಿರುತ್ತಾರೆ. ಒಳಗೆ ಕಾಫಿ ಸೋಸುತ್ತಾ ನಾನು ಹೊಟ್ಟೆ ಉರಿದುಕೊಳ್ಳುತ್ತೇನೆ. ಪುರವಣಿಗೆ ಬರೆಯುವವಳು ಹೀಗೆಲ್ಲ ಹೇಳಬಾರದು, ಆದರೆ ನನ್ನ ಪಾಲಿಗೆ ಅವನದು ಬರೀ "ಹೂಂ", "ಊಹೂಂ".

ನಮ್ಮ ಓಲ್ಗೀನ್ ಊರಿನಲ್ಲಿ ಎಲಿಯೇಸರ್‌ಗೆ ಬಂದಿರುವ ಈ ಕಾಯಿಲೆ ಹೊಸದಲ್ಲ. ಕಿರುಮೆದುಳು ಸವೆಯುತ್ತಾ ಹೋಗುತ್ತದೆ. ಹೆಜ್ಜೆ ತಪ್ಪುತ್ತದೆ, ಕೈ ಅದುರುತ್ತದೆ, ನಾಲಿಗೆ ತೊದಲುತ್ತದೆ. ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ. ಒದಾಲ್ಮಿಸ್ ಹೊಲಿಗೆಯವಳಾಗಿದ್ದಳು. ಕಾಯಿಲೆ ಬಿದ್ದ ತಮ್ಮನನ್ನು ಹನ್ನೊಂದು ವರ್ಷ ನೋಡಿಕೊಂಡು, ಆಮೇಲೆ ಇಂಥ ರೋಗಿಗಳಿಗೆ ಮಾತು ರೂಢಿಸುವ ಈ ಕೆಲಸ ಕಲಿತಳು. ಈಗ ಐವತ್ತಮೂರು ವಯಸ್ಸು, ದಿನಕ್ಕೆ ಹದಿನಾಲ್ಕು ಮನೆ, ಎಲ್ಲವೂ ಕಾಲ್ನಡಿಗೆಯಲ್ಲೇ. "ಬಸ್ಸು ಕಾಯೋ ಹೊತ್ತಿಗೆ ಎರಡು ಮನೆ ಮುಗಿಯುತ್ತೆ," ಅನ್ನುತ್ತಾಳೆ.

ಎಲಿಯೇಸರ್ ಕ್ಷೌರದವನು. ಕೈ ಅದುರತೊಡಗಿದಾಗ, ವಿಷಯ ತಿಳಿದರೆ ಮಗಳನ್ನು ಮದುವೆಯಾಗಬೇಕಿದ್ದ ಹುಡುಗ ಕೈಬಿಟ್ಟಾನೆಂದು ಹೆದರಿ, ಅಂಗಿಗೆ ರಮ್ ಚಿಮುಕಿಸಿಕೊಂಡು ತಿರುಗಿದ. ಕುಡುಕನ ಮಗಳನ್ನಾದರೆ ಯಾರಾದರೂ ಕಟ್ಟಿಕೊಂಡಾರು! ನಾನೂ ನಂಬಿ ಎರಡು ವರ್ಷ ಬಾಯಿಗೆ ಬಂದಂತೆ ಬೈದೆ. ಬೀದಿಯ ಆಚೆ ಬದಿಯಿಂದಲೇ ಅವನ ನಾಟಕ ಕಂಡುಹಿಡಿದವಳು ಒದಾಲ್ಮಿಸ್.

"ಕುಡಿದೋನು ನೆಟ್ಟಗಿದೀನಿ ಅಂತ ತೋರಿಸ್ಕೋತಾನೆ. ಇವನು ಕುಡಿದಿದೀನಿ ಅಂತ ತೋರಿಸ್ಕೋತಿದ್ದ."

ಒಂದೇ ಹಾಸಿಗೆಯಲ್ಲಿ ಮಲಗುವ ನನಗೆ ತಿಳಿಯದ್ದು ಅವಳಿಗೆ ತಿಳಿಯಿತು. ಇದನ್ನು ಹೇಗೆ ನುಂಗಲಿ?

ಮೊನ್ನೆ ತಡೆಯಲಾರದೆ, ನನ್ನ ಗಂಡನಿಗೆ ಅದೇನು ಮಂಕುಬೂದಿ ಎರಚಿದ್ದೀಯ ಎಂದು ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ಅವನು ಬಾಯಿ ತೆಗೆದಿರ್ತಾನೋ ಇಲ್ವೋ, ಮಿಕ್ಕಿದ್ದು ನೀನೇ ಆಡಿ ಮುಗಿಸ್ತೀಯ ಕಣಮ್ಮ. ನಾನು ಕಾಯ್ತೀನಿ, ಅಷ್ಟೇ."

ನನ್ನನ್ನು ಅವನ ಪಕ್ಕ ಕೂರಿಸಿ, ತಾನು ಹಲಗೆಯನ್ನು ಕೆಳಗಿಟ್ಟಳು. ಎಲಿಯೇಸರ್‌ನ ತುಟಿ ಅಲುಗಿತು, ನಿಂತಿತು. ಹೇಳಿಕೊಡಲು ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಮಾತು ಸಿದ್ಧವಾಗಿದ್ದವು. ಹಲ್ಲು ಕಚ್ಚಿ ಕೂತೆ. ಕಾಫಿ ಆರಿಹೋಯಿತು.

"ನೀನು... ಅವಳನ್ನ ನೋಡಿ... ಉರ್ಕೋತೀಯ," ಎಂದ. ಉಸಿರು ತೆಗೆದುಕೊಂಡ. "ನಾನು... ನೆಟ್ಟಗೆ ನಡೆಯೋ... ನಿನ್ನ ಕಾಲು ನೋಡಿ."

ನಾನು ಅವನ ಕೈ ಹಿಡಿದುಕೊಂಡೆ.

ಒದಾಲ್ಮಿಸ್ ಆಗಲೇ ಚೀಲ ಹೆಗಲಿಗೇರಿಸಿದ್ದಳು, ಇನ್ನೂ ಹದಿಮೂರು ಮನೆ ಬಾಕಿ. ಮೆಟ್ಟಿಲಿಳಿದು ನನ್ನತ್ತ ತಿರುಗಿದಳು.

"ಕೇಳಿಸ್ತಾ? ಒಂದಕ್ಷರಾನೂ ನಾನು ಹೇಳಿಕೊಡ್ಲಿಲ್ಲ."